ರಕ್ತನಾಳಗಳು ಬರೀ ಕೊಳವೆಗಳಲ್ಲ

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಹೃದಯದ ಕುರಿತು ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಹೃದಯದ ನಾಲ್ಕು ಕೋಣೆಗಳು, ಕವಾಟಗಳು, ಬಡಿತದ ಲಯ, ಹೃದಯಾಘಾತದ ಮುನ್ಸೂಚನೆಗಳು ಇವೆಲ್ಲವನ್ನೂ ಲೇಖಕರು ಶ್ರದ್ಧೆಯಿಂದ ವಿವರಿಸುತ್ತಾರೆ. ಆದರೆ ರಕ್ತನಾಳಗಳ ಸರದಿ ಬಂದಾಗ ಮಾತು ಒಂದೆರಡು ವಾಕ್ಯಗಳಲ್ಲೇ ಮುಗಿದುಹೋಗುತ್ತದೆ. ಹೃದಯವೆಂಬ ಪಂಪು ರಕ್ತವನ್ನು ತಳ್ಳುತ್ತದೆ, ನಾಳಗಳೆಂಬ ಕೊಳವೆಗಳು ಅದನ್ನು ಒಯ್ಯುತ್ತವೆ, ಕೊಳವೆಯೊಳಗೆ ಕೊಬ್ಬು ಕಟ್ಟಿಕೊಂಡರೆ ಹೃದಯಾಘಾತವಾಗುತ್ತದೆ ಎಂಬಷ್ಟೇ ಓದುಗರ ಮನಸ್ಸಿನಲ್ಲಿ ಉಳಿಯುತ್ತದೆ. ಶರೀರಕ್ರಿಯಾಶಾಸ್ತ್ರವನ್ನು ಬಹುಕಾಲ ಪಾಠ ಹೇಳಿದ ನನಗೆ ಈ ಚಿತ್ರ ಅಪೂರ್ಣವೆನಿಸುವುದರ ಜೊತೆಗೆ ಅಪಾಯಕಾರಿಯಾಗಿಯೂ ತೋರುತ್ತದೆ. ಏಕೆಂದರೆ ನಾಳವನ್ನು ಕೊಳವೆಯೆಂದು ನಂಬಿದವರು ಅದನ್ನು ತೊಳೆದು ಶುಚಿಗೊಳಿಸಬಹುದೆಂಬ ಮಾತನ್ನೂ ಸುಲಭವಾಗಿ ನಂಬುತ್ತಾರೆ, ವೈದ್ಯರು ಕೊಟ್ಟ ಔಷಧವನ್ನು ಬದಿಗಿಟ್ಟು ಅಂಥ ಭರವಸೆಗಳ ಹಿಂದೆ ಹೋಗುತ್ತಾರೆ. ರಕ್ತನಾಳಗಳು ಜೀವಂತ ಅಂಗಗಳು. ರಕ್ತಪರಿಚಲನೆಯ ಕೆಲಸದಲ್ಲಿ ಹೃದಯಕ್ಕೆ ಎಷ್ಟು ಪಾಲಿದೆಯೋ ಅವುಗಳಿಗೂ ಅಷ್ಟೇ ಪಾಲಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲು ತಮ್ಮ ಪತ್ರಿಕೆಯಲ್ಲಿ ಅವಕಾಶ ಕೋರುತ್ತೇನೆ.

ರಕ್ತವು ದೇಹದಲ್ಲಿ ಸುತ್ತುತ್ತದೆ ಎಂಬುದೇ ಮನುಷ್ಯನಿಗೆ ಬಹಳ ತಡವಾಗಿ ತಿಳಿದ ಸಂಗತಿ. ಎರಡನೆಯ ಶತಮಾನದ ವೈದ್ಯ ಗೇಲನ್, ಆಹಾರದಿಂದ ಯಕೃತ್ತಿನಲ್ಲಿ ರಕ್ತ ಹುಟ್ಟುತ್ತದೆ, ಅಭಿಧಮನಿಗಳ (ರಕ್ತವನ್ನು ಹೃದಯಕ್ಕೆ ಮರಳಿ ತರುವವೆಂದು ಇಂದು ನಾವು ತಿಳಿದಿರುವ ನಾಳಗಳ) ಮೂಲಕ ಅಂಗಾಂಗಗಳಿಗೆ ಹರಿದು ಅಲ್ಲೇ ಬಳಕೆಯಾಗಿ ಮುಗಿದುಹೋಗುತ್ತದೆ ಎಂದು ಭಾವಿಸಿದ್ದ. ಹೃದಯದ ಬಲ ಮತ್ತು ಎಡ ಭಾಗಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೂಲಕ ಸ್ವಲ್ಪ ರಕ್ತ ಎಡಕ್ಕೆ ಜಿನುಗುತ್ತದೆ ಎಂದೂ ಹೇಳಿದ್ದ. ಹದಿಮೂರನೆಯ ಶತಮಾನದಲ್ಲಿ ಇಬ್ನ್ ಅಲ್-ನಫೀಸ್ ಎಂಬ ವೈದ್ಯ ಆ ಗೋಡೆಯಲ್ಲಿ ರಂಧ್ರಗಳಿಲ್ಲವೆಂದೂ ರಕ್ತವು ಬಲಗಡೆಯಿಂದ ಶ್ವಾಸಕೋಶಗಳನ್ನು ಹಾದೇ ಎಡಕ್ಕೆ ಬರುತ್ತದೆಂದೂ ಸ್ಪಷ್ಟವಾಗಿ ಬರೆದ. ಆದರೂ ಗೇಲನ್‌ನ ಅಭಿಪ್ರಾಯವೇ ಸುಮಾರು 1400 ವರ್ಷ ವೈದ್ಯಲೋಕವನ್ನು ಆಳಿತು.

ಅದನ್ನು ಮುರಿದದ್ದು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಪ್ರಕಟಿಸಿದ ವಾದ. ಆತನ ವಾದದ ಬಲ ಇರುವುದು ಒಂದು ಸರಳ ಲೆಕ್ಕದಲ್ಲಿ. ಅದನ್ನು ಇಂದಿನ ಅಳತೆಗಳಲ್ಲಿ ಹೇಳುವುದಾದರೆ, ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯ ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರಹಾಕುತ್ತದೆ. ನಿಮಿಷಕ್ಕೆ 70 ಬಡಿತವೆಂದರೆ ಸುಮಾರು 5 ಲೀಟರ್. ದಿನಕ್ಕೆ ಲೆಕ್ಕ ಹಾಕಿದರೆ ಅದು 7000 ಲೀಟರ್ ದಾಟುತ್ತದೆ. ಇಷ್ಟೊಂದು ರಕ್ತವನ್ನು ತಿಂದ ಅನ್ನದಿಂದ ದಿನವೂ ಹೊಸದಾಗಿ ತಯಾರಿಸುವುದು ಯಾವ ದೇಹಕ್ಕೂ ಸಾಧ್ಯವಿಲ್ಲ. ವಯಸ್ಕನ ದೇಹದಲ್ಲಿ ಇರುವ ಒಟ್ಟು ರಕ್ತವೇ ಸುಮಾರು 5 ಲೀಟರ್. ಆದ್ದರಿಂದ ಹೊರಗೆ ಹೋದದ್ದೇ ಮರಳಿ ಬರುತ್ತಿರಬೇಕು. ದೇಹದ ರಕ್ತವೆಲ್ಲ ಹೆಚ್ಚುಕಡಿಮೆ ಒಂದು ನಿಮಿಷಕ್ಕೊಮ್ಮೆ ಹೃದಯವನ್ನು ಹಾದುಹೋಗುತ್ತಿರಬೇಕು. ಹಾರ್ವೆ ತಾನು ಹಿಡಿದ ಅಂಕಿಗಳನ್ನು ಬೇಕೆಂದೇ ಕಡಿಮೆ ಇಟ್ಟುಕೊಂಡಿದ್ದ. ಆದರೂ ಅರ್ಧ ಗಂಟೆಯಲ್ಲಿ ಹೃದಯ ತಳ್ಳುವ ರಕ್ತ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚಾಗುತ್ತಿತ್ತು.

ಲೆಕ್ಕದ ಜೊತೆಗೆ ಆತ ಕಣ್ಣಾರೆ ಕಾಣುವ ಪ್ರಮಾಣವನ್ನೂ ಕೊಟ್ಟ. ತೋಳಿಗೆ ಪಟ್ಟಿಯೊಂದನ್ನು ಬಹಳ ಬಿಗಿಯಾಗಿ ಕಟ್ಟಿದರೆ ಮಣಿಕಟ್ಟಿನ ನಾಡಿ ನಿಂತು ಕೈ ತಣ್ಣಗಾಗುತ್ತದೆ. ಕಟ್ಟನ್ನು ತುಸು ಸಡಿಲಿಸಿದರೆ ಹೃದಯದಿಂದ ರಕ್ತ ತರುವ, ಆಳದಲ್ಲಿರುವ ಅಪಧಮನಿ ತೆರೆದುಕೊಳ್ಳುತ್ತದೆ, ಚರ್ಮದಡಿಯ ಅಭಿಧಮನಿ ಮಾತ್ರ ಮುಚ್ಚಿಯೇ ಇರುತ್ತದೆ. ಆಗ ಕೈ ಊದಿಕೊಂಡು ಕಪ್ಪಿಡುತ್ತದೆ. ಬಂದ ರಕ್ತಕ್ಕೆ ಹಿಂದಿರುಗುವ ದಾರಿ ಸಿಗದಿದ್ದರೆ ಆಗುವುದು ಇದೇ. ಮುಂಗೈಯ ಮೇಲೆ ಉಬ್ಬಿ ನಿಂತ ಅಭಿಧಮನಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈಯ ಕಡೆಗೆ ಸವರಿದರೆ, ಅಭಿಧಮನಿಯೊಳಗೆ ಒಂದೇ ದಿಕ್ಕಿಗೆ ತೆರೆಯುವ ಮುಂದಿನ ಕವಾಟದವರೆಗಿನ ಭಾಗ ಖಾಲಿಯಾಗಿ ಹಾಗೆಯೇ ಇರುತ್ತದೆ. ಮೇಲಿನಿಂದ ರಕ್ತ ಕೆಳಗೆ ಇಳಿಯುವುದಿಲ್ಲ. ಒತ್ತಿ ಹಿಡಿದ ಬೆರಳನ್ನು ತೆಗೆದ ಕೂಡಲೇ ಅದು ಕೆಳಗಿನಿಂದ ತುಂಬಿಕೊಳ್ಳುತ್ತದೆ. ಇದನ್ನು ಓದುಗರು ತಮ್ಮ ಕೈಯ ಮೇಲೆಯೇ ಈ ಕ್ಷಣ ಮಾಡಿ ನೋಡಬಹುದು. ಪಾಠದ ಮೊದಲ ದಿನ ಇದನ್ನು ಮಾಡಿಸದೆ ನಾನು ಎಂದೂ ಮುಂದಕ್ಕೆ ಹೋಗುತ್ತಿರಲಿಲ್ಲ; ಹತ್ತು ಪುಟ ಓದಿಸುವುದಕ್ಕಿಂತ ಇದು ಹೆಚ್ಚು ಮನದಟ್ಟಾಗುತ್ತದೆ.

ಹಾರ್ವೆಗೆ ಒಂದು ಕೊಂಡಿ ಮಾತ್ರ ಸಿಗಲಿಲ್ಲ. ಅಪಧಮನಿಯ ರಕ್ತ ಅಭಿಧಮನಿಗೆ ದಾಟುವ ಜಾಗ ಯಾವುದೆಂದು ಆತ ನೋಡಲಾಗಲಿಲ್ಲ, ಅದಕ್ಕೆ ಸೂಕ್ಷ್ಮದರ್ಶಕ ಬೇಕಿತ್ತು. ಆತ 1657ರಲ್ಲಿ ತೀರಿಕೊಂಡ. 1661ರಲ್ಲಿ ಇಟಲಿಯ ಮಾರ್ಸೆಲ್ಲೊ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶದಲ್ಲಿ ಇವೆರಡನ್ನೂ ಬೆಸೆಯುವ ಅತಿ ಸೂಕ್ಷ್ಮ ನಾಳಗಳಾದ ಲೋಮನಾಳಗಳ ಬಲೆಯನ್ನು ಕಂಡ. ಆಗ ಸುತ್ತು ಪೂರ್ತಿಯಾಯಿತು.

ಈಗ ನಾಳಗಳ ಕೆಲಸಕ್ಕೆ ಬರುತ್ತೇನೆ. ಹೃದಯದ ಎಡ ಹೃತ್ಕುಕ್ಷಿಯಿಂದ, ಅಂದರೆ ರಕ್ತವನ್ನು ದೇಹಕ್ಕೆ ತಳ್ಳುವ ಕೆಳಗಿನ ಕೋಣೆಯಿಂದ, ಹೊರಡುವ ಮಹಾಪಧಮನಿ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲದ್ದು. ಅದರ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಹಿಗ್ಗಿ ಕುಗ್ಗಬಲ್ಲ ಪ್ರೋಟೀನು ಪದರಪದರವಾಗಿ ತುಂಬಿದೆ. ಹೃದಯ ರಕ್ತವನ್ನು ಹೊರದೂಡುವುದು ಪ್ರತಿ ಬಡಿತದ ಅವಧಿಯ ಸುಮಾರು ಮೂರನೆಯ ಒಂದು ಭಾಗದಲ್ಲಿ ಮಾತ್ರ. ಉಳಿದ ಹೊತ್ತು ಅದು ಸಡಿಲಗೊಂಡು ತುಂಬಿಕೊಳ್ಳುತ್ತಿರುತ್ತದೆ. ಹಾಗಿದ್ದರೆ ಆ ಹೊತ್ತಿನಲ್ಲಿ ರಕ್ತ ಏಕೆ ನಿಲ್ಲುವುದಿಲ್ಲ? ಹೃದಯ ತಳ್ಳಿದ ರಕ್ತದ ಒಂದು ಭಾಗವನ್ನು ಮಹಾಪಧಮನಿ ಹಿಗ್ಗಿ ತನ್ನಲ್ಲೇ ಇರಿಸಿಕೊಂಡಿರುತ್ತದೆ. ಹೃದಯ ವಿರಮಿಸಿದಾಗ ಅದು ಕುಗ್ಗುತ್ತ ಆ ರಕ್ತವನ್ನು ಮುಂದಕ್ಕೆ ದೂಡುತ್ತದೆ. ಬಿಟ್ಟು ಬಿಟ್ಟು ಬರುವ ಹೊಡೆತವು ಹೀಗೆ ನಿರಂತರ ಹರಿವಾಗಿ ಮಾರ್ಪಡುತ್ತದೆ. ನಾವು ಮಣಿಕಟ್ಟಿನಲ್ಲಿ ಮುಟ್ಟಿ ನೋಡುವ ನಾಡಿಯೂ ಈ ಗೋಡೆಯ ಗುಣದಿಂದಲೇ ಬಂದದ್ದು: ಅದು ನಾಳದ ಗೋಡೆಯಲ್ಲಿ ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಸಾಗುವ ಒತ್ತಡದ ಅಲೆ. ರಕ್ತ ಸ್ವತಃ ಅದಕ್ಕಿಂತ ಎಷ್ಟೋ ನಿಧಾನವಾಗಿ ಅದರ ಹಿಂದೆ ಬರುತ್ತಿರುತ್ತದೆ.

ರಕ್ತದೊತ್ತಡದ ಎರಡು ಅಂಕಿಗಳ ಅರ್ಥವೂ ಇಲ್ಲೇ ಇದೆ. 120/80 ಎಂದರೆ ಹೃದಯ ಕುಗ್ಗಿದಾಗ ಅಪಧಮನಿಯಲ್ಲಿ ಏರುವ ಒತ್ತಡ 120 ಮಿಲಿಮೀಟರ್ ಪಾದರಸ, ಹೃದಯ ಸಡಿಲಗೊಂಡಿರುವಾಗ ಅದು ಇಳಿದು ಮುಟ್ಟುವ ಕನಿಷ್ಠ ಮಟ್ಟ 80. ಹೃದಯದೊಳಗೆ ಎಡ ಹೃತ್ಕುಕ್ಷಿಯ ಒತ್ತಡ ಪ್ರತಿ ವಿರಾಮದಲ್ಲೂ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ನಾಳದಲ್ಲಿ ಮಾತ್ರ ಅದು 80ಕ್ಕಿಂತ ಕೆಳಗೆ ಇಳಿಯದಂತೆ ಹಿಡಿದಿಡುವುದು ಮಹಾಪಧಮನಿಯ ಸ್ಥಿತಿಸ್ಥಾಪಕತ್ವ ಮತ್ತು ಮುಂದೆ ಹೇಳಲಿರುವ ಕಿರು ಅಪಧಮನಿಗಳ ಬಿಗಿತ. ಕೆಳಗಿನ ಅಂಕಿಯನ್ನು ಕಡೆಗಣಿಸುವವರು ಬಹಳ ಮಂದಿ. ಆದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕರೋನರಿ ಅಪಧಮನಿಗಳಲ್ಲಿ, ಅದರಲ್ಲೂ ಎಡ ಭಾಗದಲ್ಲಿ, ರಕ್ತ ಹೆಚ್ಚಾಗಿ ಹರಿಯುವುದು ಹೃದಯ ಸಡಿಲಗೊಂಡಿರುವಾಗಲೇ, ಏಕೆಂದರೆ ಕುಗ್ಗಿದ ಸ್ನಾಯು ತನ್ನೊಳಗಿನ ನಾಳಗಳನ್ನು ತಾನೇ ಹಿಸುಕಿಬಿಡುತ್ತದೆ. ಅಂದರೆ ಹೃದಯವು ತನ್ನ ಪಾಲಿನ ರಕ್ತವನ್ನು ಪಡೆಯುವುದು ಮಹಾಪಧಮನಿ ಹಿಂದಿರುಗಿಸುವ ಒತ್ತಡದಿಂದ. ಎಲಾಸ್ಟಿನ್ ಬಹುಮಟ್ಟಿಗೆ ಬಾಲ್ಯದಲ್ಲೇ ತಯಾರಾಗುವಂಥದ್ದು. ಅದು ಸವೆದರೆ ಮತ್ತೆ ಹಾಗೆಯೇ ತುಂಬುವುದಿಲ್ಲ. ವಯಸ್ಸಾದಂತೆ, ಅಧಿಕ ರಕ್ತದೊತ್ತಡವಿದ್ದರೆ ಇನ್ನೂ ಬೇಗ, ಗೋಡೆ ಪೆಡಸಾಗುತ್ತದೆ. ಆಗ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ, ಎರಡರ ನಡುವಿನ ಅಂತರ ಹಿಗ್ಗುತ್ತದೆ. ಮುದುಕರಲ್ಲಿ ಮೇಲಿನ ಅಂಕಿ ಹೆಚ್ಚಿರುವುದು ಸಹಜವೆಂದು ಸುಮ್ಮನಿರಬಾರದು ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಮಹಾಪಧಮನಿಯಿಂದ ಕವಲೊಡೆದು ಕವಲೊಡೆದು ನಾಳಗಳು ಕೂದಲೆಳೆಯಷ್ಟು ಸಣ್ಣಗಾದಾಗ ಅವುಗಳ ಗೋಡೆಯಲ್ಲಿ ಎಲಾಸ್ಟಿನ್‌ಗಿಂತ ಸ್ನಾಯುವೇ ಪ್ರಧಾನವಾಗುತ್ತದೆ. ಇವೇ ಕಿರು ಅಪಧಮನಿಗಳು. ಯಾವ ಅಂಗಕ್ಕೆ ಯಾವ ಹೊತ್ತಿನಲ್ಲಿ ಎಷ್ಟು ರಕ್ತ ಎಂಬ ತೀರ್ಮಾನ ಜಾರಿಯಾಗುವುದು ಇಲ್ಲಿ. ಇವುಗಳ ಶಕ್ತಿ ಎಷ್ಟೆಂದು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಪ್ವಾಸೇಯ್ ಕಂಡುಕೊಂಡ ನಿಯಮವನ್ನು ನೆನೆಯಬೇಕು: ಸಣ್ಣ ನಾಳದಲ್ಲಿ ಹರಿಯುವ ದ್ರವದ ಪ್ರಮಾಣ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಉಳಿದೆಲ್ಲವೂ ಒಂದೇ ತೆರನಾಗಿದ್ದು ತ್ರಿಜ್ಯ ಅರ್ಧಕ್ಕೆ ಇಳಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ತ್ರಿಜ್ಯ ಶೇ 19ರಷ್ಟು ಹಿಗ್ಗಿದರೆ ಸಾಕು, ಹರಿವು ಎರಡು ಪಟ್ಟಾಗುತ್ತದೆ. ರಕ್ತವು ನೀರಿನಂಥ ಸರಳ ದ್ರವವಲ್ಲವಾದ್ದರಿಂದ ನಿಯಮ ಅಚ್ಚುಕಟ್ಟಾಗಿ ಹೊಂದುವುದಿಲ್ಲ, ಆದರೆ ಅದು ತೋರುವ ದಿಕ್ಕು ಸರಿಯಾದದ್ದೇ. ಗೋಡೆಯ ಸ್ನಾಯು ತುಸುವೇ ಬಿಗಿದರೂ ಸಡಿಲಿಸಿದರೂ ಅಂಗವೊಂದರ ರಕ್ತದ ಪಾಲು ಪೂರ್ತಿ ಬದಲಾಗುತ್ತದೆ.

ವಿಶ್ರಾಂತಿಯಲ್ಲಿ ಮೂತ್ರಪಿಂಡಗಳೆರಡಕ್ಕೆ ಒಟ್ಟು ರಕ್ತದ ಸುಮಾರು ಐದನೆಯ ಒಂದು ಭಾಗ ಹೋಗುತ್ತದೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮೆದುಳಿಗೆ ಸುಮಾರು ಶೇ 15 ಸಲ್ಲುತ್ತದೆ. ಜೋರಾಗಿ ಓಡುವಾಗ ಹೃದಯ ನಿಮಿಷಕ್ಕೆ 20 ಲೀಟರಿಗೂ ಹೆಚ್ಚು ತಳ್ಳಬಲ್ಲದು, ಅದರ ಬಹುಪಾಲನ್ನು ದುಡಿಯುವ ಸ್ನಾಯುಗಳೇ ಎಳೆದುಕೊಳ್ಳುತ್ತವೆ. ಕರುಳು, ಮೂತ್ರಪಿಂಡಗಳ ನಾಳಗಳು ಬಿಗಿದುಕೊಂಡು ತಮ್ಮ ಪಾಲನ್ನು ಬಿಟ್ಟುಕೊಡುತ್ತವೆ. ಮೆದುಳಿಗೆ ಹೋಗುವುದು ಮಾತ್ರ ಹೆಚ್ಚು ಏರುಪೇರಿಲ್ಲದೆ ಉಳಿಯುತ್ತದೆ. ಇದನ್ನೆಲ್ಲ ಹೃದಯ ನಿರ್ಧರಿಸುವುದಿಲ್ಲ. ನರಗಳ ಆದೇಶ ಒಂದು ಕಡೆ, ದುಡಿಯುವ ಅಂಗದಲ್ಲೇ ಕೂಡಿಕೊಳ್ಳುವ ಇಂಗಾಲದ ಡೈಆಕ್ಸೈಡ್ ಮುಂತಾದ ಪದಾರ್ಥಗಳ ಪ್ರಭಾವ ಇನ್ನೊಂದು ಕಡೆ, ಇವೆರಡಕ್ಕೂ ನಾಳದ ಗೋಡೆಯೇ ಉತ್ತರ ಕೊಡುತ್ತದೆ. ಶ್ವಾಸಕೋಶದಲ್ಲಿ ನಡೆಯುವುದು ನನಗೆ ಇಂದಿಗೂ ಬೆರಗಿನ ವಿಷಯ. ದೇಹದ ಬೇರೆಡೆ ಆಮ್ಲಜನಕ ಕಡಿಮೆಯಾದರೆ ನಾಳಗಳು ಹಿಗ್ಗುತ್ತವೆ, ಶ್ವಾಸಕೋಶದಲ್ಲಿ ಮಾತ್ರ ಕುಗ್ಗುತ್ತವೆ. ಗಾಳಿ ಸರಿಯಾಗಿ ಬಾರದ ಭಾಗಕ್ಕೆ ರಕ್ತ ಕಳಿಸಿ ಪ್ರಯೋಜನವಿಲ್ಲವಲ್ಲ. ಆ ರಕ್ತ ಗಾಳಿ ಚೆನ್ನಾಗಿರುವ ಭಾಗಕ್ಕೆ ತಿರುಗುತ್ತದೆ. ಒಂದೇ ಸಂಕೇತಕ್ಕೆ ಎರಡು ಜಾಗಗಳಲ್ಲಿ ಎರಡು ವಿರುದ್ಧ ಉತ್ತರ, ಎರಡೂ ಸರಿ.

ಎಲ್ಲ ನಾಳಗಳ ಒಳಮೈಯನ್ನೂ ಒಂದೇ ಜೀವಕೋಶದಷ್ಟು ತೆಳ್ಳಗಿನ ಎಂಡೋಥೀಲಿಯಂ ಎಂಬ ಪದರ ಹೊದಿಸಿರುತ್ತದೆ. ಬಹುಕಾಲ ಇದನ್ನು ಕೇವಲ ನುಣುಪಾದ ಅಸ್ತರಿಯೆಂದು ತಿಳಿಯಲಾಗಿತ್ತು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಈ ಪದರ ಇದ್ದರೆ ಮಾತ್ರ ಕೆಲವು ಪದಾರ್ಥಗಳಿಂದ ನಾಳ ಸಡಿಲಗೊಳ್ಳುತ್ತದೆ, ಅದನ್ನು ಉಜ್ಜಿ ತೆಗೆದರೆ ಇಲ್ಲ ಎಂದು ತೋರಿಸಿದರು. ಆ ಪದರ ಬಿಡುಗಡೆ ಮಾಡುವ ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ತಿಳಿಯಿತು. ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಎದೆನೋವು ಬಂದಾಗ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಮಾತ್ರೆ ಕೆಲಸ ಮಾಡುವುದು ಇದೇ ಅನಿಲದ ಮೂಲಕ. ರಕ್ತ ಹರಿಯುವಾಗ ಒಳಮೈಯನ್ನು ಸವರುವ ಬಲವನ್ನೂ ಈ ಪದರ ಗ್ರಹಿಸುತ್ತದೆ, ಹರಿವು ಹೆಚ್ಚಿದರೆ ನೈಟ್ರಿಕ್ ಆಕ್ಸೈಡನ್ನು ಹೆಚ್ಚು ಬಿಡುತ್ತದೆ, ನಾಳ ಹಿಗ್ಗುತ್ತದೆ. ವ್ಯಾಯಾಮ ನಾಳಗಳಿಗೆ ಹಿತವಾಗುವ ಬಗೆಗಳಲ್ಲಿ ಇದೂ ಒಂದು. ಧೂಮಪಾನ, ಮಧುಮೇಹ, ಅಧಿಕ ರಕ್ತದೊತ್ತಡ ಮೊದಲು ಕೆಡಿಸುವುದೂ ಈ ಪದರವನ್ನೇ.

ಇಲ್ಲಿಂದ ಮುಂದೆ ಲೋಮನಾಳಗಳು. ಪರಿಚಲನೆಯ ಉದ್ದೇಶವೆಲ್ಲ ಈಡೇರುವುದು ಇಲ್ಲಿಯೇ. ಅಪಧಮನಿ, ಅಭಿಧಮನಿಗಳೆಲ್ಲ ಇಲ್ಲಿಗೆ ತಲುಪಿಸಲು ಮತ್ತು ಇಲ್ಲಿಂದ ಮರಳಿಸಲು ಇರುವಂಥವು. ಲೋಮನಾಳದ ಗೋಡೆ ಒಂದೇ ಜೀವಕೋಶದಷ್ಟು ತೆಳುವು. ಅಗಲ 5ರಿಂದ 10 ಮೈಕ್ರೋಮೀಟರ್. ಏಳೆಂಟು ಮೈಕ್ರೋಮೀಟರ್ ಅಗಲದ ಕೆಂಪು ರಕ್ತಕಣ ಎಷ್ಟೋ ಕಡೆ ಮೈ ಮಡಚಿಕೊಂಡು, ಒಂದರ ಹಿಂದೊಂದಾಗಿ ಸಾಗಬೇಕಾಗುತ್ತದೆ. ಒಂದೊಂದು ಲೋಮನಾಳ ಅತಿ ಸಣ್ಣದಾದರೂ ಅವುಗಳ ಸಂಖ್ಯೆ ಎಣಿಕೆಗೆ ಮೀರಿದ್ದಾದ್ದರಿಂದ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ಮಹಾಪಧಮನಿಯದಕ್ಕಿಂತ ನೂರಾರು ಪಟ್ಟು ಹೆಚ್ಚು. ಅದೇ ಕಾರಣದಿಂದ ವೇಗ ನೂರಾರು ಪಟ್ಟು ತಗ್ಗುತ್ತದೆ. ಮಹಾಪಧಮನಿಯಲ್ಲಿ ಸೆಕೆಂಡಿಗೆ ಹತ್ತಾರು ಸೆಂಟಿಮೀಟರ್ ಓಡುತ್ತಿದ್ದ ರಕ್ತ ಇಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರಿಗೂ ಕಡಿಮೆ ಚಲಿಸುತ್ತದೆ. ಆಮ್ಲಜನಕ ಮತ್ತು ಗ್ಲೂಕೋಸ್ ಹೊರಗೆ ಹೋಗಲು, ಇಂಗಾಲದ ಡೈಆಕ್ಸೈಡ್ ಒಳಗೆ ಬರಲು ಬೇಕಾದ ಸಮಯ ಆ ನಿಧಾನದಿಂದ ಸಿಗುತ್ತದೆ. ಜೀವಕೋಶದಿಂದ ಜೀವಕೋಶಕ್ಕೆ ಪದಾರ್ಥಗಳು ತಾವಾಗಿ ಹರಡಿಕೊಂಡು ಹೋಗುವುದು ತೀರ ಕಡಿಮೆ ದೂರಕ್ಕೆ ಮಾತ್ರ ಸಾಧ್ಯ. ಹಾಗಾಗಿಯೇ ಕಣ್ಣಿನ ಪಾರದರ್ಶಕ ಪಟಲ, ಮೃದ್ವಸ್ಥಿಗಳಂಥ ಕೆಲವನ್ನು ಬಿಟ್ಟರೆ ದೇಹದ ಬಹುತೇಕ ಜೀವಕೋಶಗಳಿಗೆ ಕೂದಲೆಳೆಯ ಒಂದೆರಡು ದಪ್ಪದಷ್ಟು ದೂರದಲ್ಲೇ ಒಂದು ಲೋಮನಾಳ ಇದ್ದೇ ಇರುತ್ತದೆ.

ಲೋಮನಾಳಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನೂ ಹೇಳಬೇಕು. ಮೆದುಳಿನಲ್ಲಿ ಅವುಗಳ ಜೀವಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡು ರಕ್ತದಲ್ಲಿರುವ ಎಷ್ಟೋ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲ. ಮೂತ್ರಪಿಂಡದಲ್ಲಿ ಅವು ಸೂಕ್ಷ್ಮ ಕಿಂಡಿಗಳಿಂದ ತುಂಬಿದ್ದು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರ ಬಹುಪಾಲು ಮತ್ತೆ ರಕ್ತಕ್ಕೇ ಸೇರುತ್ತದೆ. ಉಳಿದ ಅಂಗಗಳಲ್ಲೂ ಒಳಗಿನ ಒತ್ತಡದಿಂದ ಸ್ವಲ್ಪ ದ್ರವ ಹೊರಗೆ ಜಿನುಗುತ್ತಲೇ ಇರುತ್ತದೆ, ರಕ್ತದಲ್ಲಿರುವ ಆಲ್ಬುಮಿನ್ ಮುಂತಾದ ಪ್ರೋಟೀನುಗಳು ಅದನ್ನು ಹಿಡಿದುಕೊಳ್ಳಲು ಎಳೆಯುತ್ತಿರುತ್ತವೆ. ಈ ಎಳೆದಾಟವನ್ನು 1896ರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ವಿವರಿಸಿದರು. ಹೊರಗೆ ಉಳಿದ ದ್ರವವನ್ನು ದುಗ್ಧರಸ ನಾಳಗಳು ಸಂಗ್ರಹಿಸಿ ಕುತ್ತಿಗೆಯ ಬುಡದಲ್ಲಿರುವ ದೊಡ್ಡ ಅಭಿಧಮನಿಗಳಿಗೆ ತಂದು ಸೇರಿಸುತ್ತವೆ. ಈ ಸಮತೋಲ ತಪ್ಪಿದಾಗಲೇ ಕಾಲು ಬಾವು ಬರುವುದು. ಅದರ ಹಿಂದೆ ಹೃದಯ, ಯಕೃತ್ತು, ಮೂತ್ರಪಿಂಡ, ಕಾಲಿನ ಅಭಿಧಮನಿ ಯಾವುದರ ತೊಂದರೆಯೂ ಇರಬಹುದಾದ್ದರಿಂದ ಬಾವಿಗೆ ತಾವೇ ಕಾರಣ ಊಹಿಸಿಕೊಂಡು ಮಾತ್ರೆ ನುಂಗುವುದು ಸರಿಯಲ್ಲ.

ಇಲ್ಲೊಂದು ತಿದ್ದುಪಡಿ ಅಗತ್ಯ. ದೇಹದ ರಕ್ತನಾಳಗಳನ್ನು ಸಾಲಾಗಿ ಜೋಡಿಸಿದರೆ ಒಂದು ಲಕ್ಷ ಕಿಲೋಮೀಟರ್ ಆಗುತ್ತದೆ, ಭೂಮಿಯನ್ನು ಎರಡೂವರೆ ಸುತ್ತು ಸುತ್ತಬಹುದು ಎಂಬ ವಾಕ್ಯ ಆರೋಗ್ಯ ಪುಟಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತದೆ. ಲೋಮನಾಳಗಳ ಕಾರ್ಯವಿಧಾನದ ಸಂಶೋಧನೆಗೆ 1920ರ ನೊಬೆಲ್ ಪ್ರಶಸ್ತಿ ಪಡೆದ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಒಂದು ಅಂದಾಜಾಗಿ ಕೊಟ್ಟ ಅಂಕಿ ಅದು. 50 ಕಿಲೋ ಸ್ನಾಯುವಿರುವ ದೇಹವನ್ನೂ ಬಹಳ ಒತ್ತಾದ ಲೋಮನಾಳಗಳನ್ನೂ ಊಹಿಸಿಕೊಂಡು ಮಾಡಿದ ಲೆಕ್ಕ ಅದಾಗಿತ್ತು. ಇತ್ತೀಚಿನ ಅಂದಾಜುಗಳು ಅದಕ್ಕಿಂತ ಬಹಳ ಕಡಿಮೆ, ಸುಮಾರು 9000ದಿಂದ 19,000 ಕಿಲೋಮೀಟರ್. ಕ್ರೋಗ್ ಅವರ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಸ್ನಾಯು ದುಡಿಯತೊಡಗಿದಾಗ ಅದರ ಲೋಮನಾಳಗಳಲ್ಲಿ ರಕ್ತದ ಹರಿವು ಅಗತ್ಯಕ್ಕೆ ತಕ್ಕಂತೆ ನಿಯಂತ್ರಣಗೊಳ್ಳುತ್ತದೆ ಎಂಬ ಅವರ ಮೂಲ ಒಳನೋಟ, ಆ ಮೈಲಿಗಳ ಲೆಕ್ಕಕ್ಕಿಂತ ಎಷ್ಟೋ ದೊಡ್ಡದು.

ಲೋಮನಾಳಗಳನ್ನು ದಾಟುವಷ್ಟರಲ್ಲಿ ರಕ್ತದ ಒತ್ತಡ ಬಹುಪಾಲು ಕರಗಿಹೋಗಿರುತ್ತದೆ. ಅಲ್ಲಿಂದ ಹೃದಯಕ್ಕೆ ಮರಳುವುದು, ಅದೂ ನಿಂತ ಮನುಷ್ಯನ ಪಾದದಿಂದ ಎದೆಯವರೆಗೆ ಏರುವುದು, ಅಭಿಧಮನಿಗಳ ಹೊಣೆ. ಕಾಲಿನ ಅಭಿಧಮನಿಗಳಲ್ಲಿ ಮೇಲ್ಮುಖವಾಗಿ ಮಾತ್ರ ತೆರೆಯುವ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಬಿಗಿದು ನಡುವಿನ ಅಭಿಧಮನಿಗಳನ್ನು ಹಿಂಡುತ್ತವೆ, ರಕ್ತ ಮೇಲಕ್ಕೇರುತ್ತದೆ, ಕವಾಟ ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಉಸಿರು ಎಳೆದುಕೊಂಡಾಗ ಎದೆಯೊಳಗಿನ ಒತ್ತಡ ತಗ್ಗುವುದೂ ರಕ್ತವನ್ನು ಮೇಲಕ್ಕೆ ಸೆಳೆಯುತ್ತದೆ. ಅಲುಗಾಡದೆ ನಿಂತವರ ಹರಡಿನ ಬಳಿ ಅಭಿಧಮನಿಯ ಒತ್ತಡ 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯಲು ತೊಡಗಿದರೆ ಅದು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಹಳ ಹೊತ್ತು ಅಲುಗಾಡದೆ ನಿಂತವರು ತಲೆ ಸುತ್ತಿ ಬೀಳುವುದು ಏಕೆಂಬುದು ಇದರಿಂದ ತಿಳಿಯುತ್ತದೆ. ಕವಾಟಗಳು ಸಡಿಲಗೊಂಡವರಲ್ಲಿ ಕಾಲಿನ ನರಗಳು ಉಬ್ಬಿ ಗಂಟುಗಂಟಾಗಿ ಕಾಣುತ್ತವೆ ಎಂದು ಜನ ಹೇಳುವುದು ವಾಸ್ತವವಾಗಿ ಅಭಿಧಮನಿಗಳನ್ನು. ಶಸ್ತ್ರಚಿಕಿತ್ಸೆಯ ನಂತರ ಬಹುಕಾಲ ಮಲಗಿರುವವರಲ್ಲಿ, ದೀರ್ಘ ಪ್ರಯಾಣದಲ್ಲಿ ಕಾಲು ಮಡಚಿ ಕುಳಿತವರಲ್ಲಿ ರಕ್ತ ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡರೆ ಬಲ ಹೃದಯವನ್ನು ಹಾದು ನೇರವಾಗಿ ಶ್ವಾಸಕೋಶದ ಅಪಧಮನಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಒಂದು ಕಾಲು ಮಾತ್ರ ಹಠಾತ್ತಾಗಿ ಊದಿಕೊಂಡು ನೋಯುತ್ತಿದ್ದರೆ, ಅದರಲ್ಲೂ ಉಸಿರು ಕಟ್ಟುತ್ತಿದ್ದರೆ, ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಅಭಿಧಮನಿಗಳಿಗೆ ಇನ್ನೊಂದು ಕೆಲಸವಿದೆ. ಯಾವುದೇ ಕ್ಷಣದಲ್ಲಿ ದೇಹದ ರಕ್ತದ ಅರ್ಧಕ್ಕಿಂತ ಹೆಚ್ಚು, ಹತ್ತಿರ ಹತ್ತಿರ ಮೂರನೆಯ ಎರಡು ಭಾಗ, ಇವುಗಳಲ್ಲೇ ಇರುತ್ತದೆ. ಗಾಯವಾಗಿ ರಕ್ತ ಸೋರಿದಾಗ ಇವುಗಳ ಗೋಡೆ ಬಿಗಿದು ಆ ದಾಸ್ತಾನನ್ನು ಹೃದಯದ ಕಡೆಗೆ ದೂಡುತ್ತದೆ. ರಕ್ತದಾನ ಮಾಡಿದ ಆರೋಗ್ಯವಂತರು ಎದ್ದು ನಡೆದುಹೋಗಬಲ್ಲರೆಂದರೆ ಅದರಲ್ಲಿ ಈ ಹೊಂದಾಣಿಕೆಯ ಪಾಲು ದೊಡ್ಡದು.

ಅಪಧಮನಿಯಲ್ಲಿ ಒಳ್ಳೆಯ ರಕ್ತ, ಅಭಿಧಮನಿಯಲ್ಲಿ ಕೆಟ್ಟ ರಕ್ತ ಎಂಬ ಪಾಠವನ್ನೂ ಕೈಬಿಡಬೇಕು. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ, ವ್ಯತ್ಯಾಸ ಅಷ್ಟೇ. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ, ಅಲ್ಲಿಂದ ಮರಳುವ ಅಭಿಧಮನಿಗಳಲ್ಲಿ ಹೆಚ್ಚು. ವಿಶ್ರಾಂತಿಯಲ್ಲಿರುವಾಗ ಹೃದಯಕ್ಕೆ ಮರಳುವ ರಕ್ತದ ಹಿಮೋಗ್ಲೋಬಿನ್ ಕೂಡ ಸುಮಾರು ಮುಕ್ಕಾಲು ಪಾಲು ಆಮ್ಲಜನಕ ಹೊತ್ತೇ ಇರುತ್ತದೆ. ಚರ್ಮದಡಿ ನೀಲಿಯಾಗಿ ಕಾಣುವ ರಕ್ತವೂ ಗಾಢ ಕೆಂಪೇ. ಆ ನೀಲಿ ಚರ್ಮದಲ್ಲಿ ಬೆಳಕು ಚದುರುವುದರಿಂದ ಬಂದದ್ದು. ಎಡ ಹೃದಯ ದೇಹಕ್ಕೆ ಕಳಿಸುವಷ್ಟೇ ರಕ್ತವನ್ನು ಬಲ ಹೃದಯ ಶ್ವಾಸಕೋಶಕ್ಕೆ ಕಳಿಸುತ್ತದೆ, ಆದರೆ ಅಲ್ಲಿನ ನಾಳಗಳು ಅಷ್ಟು ವಿಶಾಲವಾಗಿರುವುದರಿಂದ ಸುಮಾರು ಆರನೆಯ ಒಂದು ಭಾಗದ ಒತ್ತಡದಲ್ಲೇ ಕೆಲಸ ಸಾಗುತ್ತದೆ. ಕರುಳಿನಿಂದ ಬರುವ ರಕ್ತದ ದಾರಿ ಇನ್ನೂ ವಿಶೇಷ: ಅದು ನೇರವಾಗಿ ಹೃದಯಕ್ಕೆ ಹೋಗದೆ ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತಿಗೆ ಹೋಗಿ, ಅಲ್ಲಿ ಎರಡನೆಯ ಬಾರಿ ಸೂಕ್ಷ್ಮ ನಾಳಗಳಲ್ಲಿ ಹರಡಿಕೊಂಡು, ಜೀರ್ಣವಾದ ಪದಾರ್ಥಗಳನ್ನು ಯಕೃತ್ತಿಗೆ ಒಪ್ಪಿಸಿ ನಂತರ ಹೃದಯವನ್ನು ಸೇರುತ್ತದೆ.

ಕೊನೆಗೆ, ಈ ಪತ್ರ ಬರೆಯಲು ಮುಖ್ಯ ಕಾರಣವಾದ ವಿಷಯ. ಹೃದಯದ ಸ್ನಾಯುವಿಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ರಕ್ತ ಸಿಗುತ್ತದೆ, ಅದರ ಆಮ್ಲಜನಕದ ಬಹುಪಾಲನ್ನು ಅದು ಆಗಲೇ ಹೀರಿಕೊಂಡಿರುತ್ತದೆ. ಹೆಚ್ಚು ದುಡಿಯಬೇಕಾದರೆ ಹೆಚ್ಚು ರಕ್ತವೇ ಬೇಕು, ಬೇರೆ ದಾರಿಯಿಲ್ಲ. ಹಾಗಾಗಿ ಕರೋನರಿ ಅಪಧಮನಿಯ ಕಾಯಿಲೆ ಇಷ್ಟು ಗಂಭೀರ. ಆದರೆ ಆ ಕಾಯಿಲೆ ಬೆಳೆಯುವುದು ಕೊಳವೆಯ ಒಳಮೈಗೆ ಕಿಲುಬು ಅಂಟಿದ ರೀತಿಯಲ್ಲಲ್ಲ. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ಸಾಗುವ ಎಲ್‌ಡಿಎಲ್ ಕಣಗಳು ಎಂಡೋಥೀಲಿಯಂ ದಾಟಿ ಗೋಡೆಯ ಒಳಗೆ ಸೇರುತ್ತವೆ, ಅವುಗಳನ್ನು ನುಂಗಲು ಬಿಳಿ ರಕ್ತಕಣಗಳು ಬರುತ್ತವೆ, ಉರಿಯೂತ ನಡೆಯುತ್ತದೆ, ಸ್ನಾಯುಕೋಶಗಳೂ ನಾರಿನಂಶವೂ ಕೂಡಿಕೊಂಡು ಗೋಡೆಯಲ್ಲೇ ಒಂದು ಗಂಟು ಬೆಳೆಯುತ್ತದೆ. ಇದಕ್ಕೆ ದಶಕಗಳೇ ಹಿಡಿಯುತ್ತವೆ. ಒಂದು ದಿನ ಗಂಟಿನ ಮೇಲಿನ ತೆಳುವಾದ ಪೊರೆ ಒಡೆದರೆ ಅಲ್ಲಿ ರಕ್ತ ನಿಮಿಷಗಳಲ್ಲಿ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಹೀಗೆ ಒಡೆಯುವ ಗಂಟು ಅದಕ್ಕೆ ಮೊದಲು ನಾಳವನ್ನು ಹೆಚ್ಚು ಕಿರಿದಾಗಿಸಿರಲೇಬೇಕೆಂದಿಲ್ಲ. ಆದ್ದರಿಂದಲೇ ಹಿಂದಿನ ದಿನದವರೆಗೆ ಯಾವ ನೋವೂ ಇಲ್ಲದವರಿಗೆ ಹೃದಯಾಘಾತವಾಗುತ್ತದೆ. ಗೋಡೆಯೊಳಗೆ ಬೆಳೆದದ್ದನ್ನು ಯಾವ ಕಷಾಯವೂ ತೊಳೆದು ಹೊರಹಾಕಲಾರದು. ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಔಷಧಗಳು, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ಧೂಮಪಾನದ ತ್ಯಾಗ ಗಂಟು ಬೆಳೆಯುವುದನ್ನು ತಡೆಯುತ್ತವೆ, ಇರುವ ಗಂಟು ಸುಲಭವಾಗಿ ಒಡೆಯದಂತೆ ಗಟ್ಟಿಗೊಳಿಸುತ್ತವೆ. ನೋವಿಲ್ಲವೆಂದು ಮಾತ್ರೆ ನಿಲ್ಲಿಸುವವರಿಗೆ ಈ ಒಂದು ಸಂಗತಿ ತಿಳಿದಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆಂದು ನಾನು ದೃಢವಾಗಿ ನಂಬಿದ್ದೇನೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮುಂದಿನ ಬಾರಿ ಹೃದಯದ ಕುರಿತ ಲೇಖನಕ್ಕೆ ಚಿತ್ರ ಹಾಕುವಾಗ ಹೃದಯವನ್ನೊಂದೇ ಬರೆಸದೆ ಶ್ವಾಸಕೋಶದ ಸುತ್ತು, ದೇಹದ ಸುತ್ತು ಎರಡನ್ನೂ ಲೋಮನಾಳಗಳ ಸಮೇತ ಬರೆಸಿರಿ. ಅದರ ಪಕ್ಕದಲ್ಲಿ ಕಾಯಿಲೆ ಬಂದ ಅಪಧಮನಿಯ ಅಡ್ಡಕೊಯ್ತವನ್ನು, ಗಂಟು ಗೋಡೆಯ ಒಳಗೆ ಇರುವಂತೆ ತೋರಿಸಿರಿ. ನಾಳಗಳನ್ನು ಶುಚಿಗೊಳಿಸುತ್ತೇವೆಂಬ ಜಾಹೀರಾತುಗಳು ಬಂದಾಗ ಅಚ್ಚುಹಾಕುವ ಮೊದಲು ಹೃದ್ರೋಗ ತಜ್ಞರೊಬ್ಬರಿಗೆ ತೋರಿಸಿರಿ. ಚಿತ್ರ ಮತ್ತು ಅದರ ವಿವರಣೆಯನ್ನು ಸಿದ್ಧಪಡಿಸಲು ನನ್ನಿಂದ ನೆರವು ಬೇಕಾದಲ್ಲಿ ಸಂತೋಷದಿಂದ ಒದಗಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಶರೀರಕ್ರಿಯಾಶಾಸ್ತ್ರದ ನಿವೃತ್ತ ಅಧ್ಯಾಪಕ